ಖುರ್ಷೀದಳ ಪಾಲಿನ ಗಿಳಿ

ಶಾಂತಕುಮಾರಿ ಗೋಡೆಯಿಂದ ಇಳಿಸಿದ ಕಸೂತಿಯ ಚೌಕಟ್ಟನ್ನು ಮಗುಚಿಟ್ಟುಕೊಂಡು, ತುಕ್ಕು ಹಿಡಿದ ಮೊಳೆಗಳನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ಮೀಟುತ್ತಿದ್ದಳು. ನಡುಮನೆಯಲ್ಲಿ, ತೀರಿಕೊಂಡ ಅವಳ ತಾಯಿ ಅಕ್ಕಯಮ್ಮನನ್ನು ಹೆಂಗಸರು ಮೀಯಿಸಿ, ಹೊಸ ಸೀರೆ ಉಡಿಸಿ ಚಾಪೆಯ ಮೇಲೆ ಮಲಗಿಸಿದ್ದರು. ರಾಮಮೂರ್ತಿ ನಗರ ಇನ್ನೂ ರಾಗಿಹೊಲವಾಗಿದ್ದಾಗ ಕಟ್ಟಿದ ಮನೆ. ಈಗ ಸುತ್ತಲೂ ಬಾಡಿಗೆಯವರ ಮಹಡಿಗಳೆದ್ದು ಹಗಲಲ್ಲೂ ದೀಪ ಹಾಕಬೇಕಿತ್ತು.

"ಅದನ್ನೂ ಮಣ್ಣಿಗೆ ಹಾಕ್ತೀಯೇನೇ?" ಎಂದ ಅಣ್ಣ ದೊಡ್ಡಮುನಿಯಪ್ಪ. "ಅಮ್ಮನ ಕೈಕೆಲಸ ಅಂತ ಮನೇಲಿರೋದು ಅದೊಂದೇ."

"ಎದೆ ಮೇಲೆ ಹೊದಿಸಿ ಕಳಿಸು ಅಂತ ಬಾಯ್ಬಿಟ್ಟು ಹೇಳಿದ್ಲಣ್ಣ. ಇನ್ನೇನು ಕೇಳಿದ್ಲು ಅವ್ಳು ನಮ್ಮನ್ನ?"

ಬಟ್ಟೆ ಹೊರಬಂತು. ಹಿಂದೆ ಶಾಲೆಯಲ್ಲಿ ಹೊಲಿಗೆ ಕಲಿತ ಹುಡುಗಿಯರು ತಮ್ಮ ಕೈಚಳಕ ತೋರಿಸಲು ಹಾಕುತ್ತಿದ್ದ ಕಸೂತಿ. ಅಂಚಿಗೆ ಬಳ್ಳಿ, ಮೇಲೆ ಅಕ್ಷರಮಾಲೆ, ನಡುವೆ ಎರಡು ಗಿಳಿ. ಒಂದಕ್ಕೆ ಹಸಿರು ಮೈ, ಕೆಂಪು ಕೊಕ್ಕು, ತುಂಬಿದ ರೆಕ್ಕೆ. ಇನ್ನೊಂದರ ರೆಕ್ಕೆಯ ಜಾಗದಲ್ಲಿ ಮಾಸಿದ ಪೆನ್ಸಿಲ್ ಗೆರೆ ಮಾತ್ರ.

*

ಅಕ್ಕಯಮ್ಮನ ಅಪ್ಪ ರಿಚರ್ಡ್ಸ್ ಟೌನಿನ ಮಿಷನ್ ಶಾಲೆಯೊಂದಕ್ಕೆ ಹಾಲು ಹಾಕುತ್ತಿದ್ದ. ಹಾಲಿನ ಗಾಡಿಯಲ್ಲೇ ಮಗಳೂ ಶಾಲೆಗೆ ಹೋಗಿಬರುತ್ತಿದ್ದಳು. ಬಟ್ಟೆಗೆ ಬರವಿದ್ದ ಕಾಲ; ಹೊಲಿಗೆಯ ಟೀಚರಮ್ಮ ಇಬ್ಬರಿಗೊಂದು ತುಂಡು ಕೊಡುತ್ತಿದ್ದರು. ಅಕ್ಕಯಮ್ಮನಿಗೆ ಜೋಡಿಯಾದವಳು ಶಿವಾಜಿನಗರದ ಖುರ್ಷೀದ್. ಒಂದೇ ಬಟ್ಟೆಯನ್ನು ಇಬ್ಬರ ಮಂಡಿಯ ಮೇಲೂ ಹರಡಿಕೊಂಡು, ಸೂಜಿ ಚುಚ್ಚಿಸಿಕೊಂಡು, ನಕ್ಕು ಬೈಸಿಕೊಂಡು ಗಿಳಿಗಳವರೆಗೆ ಬಂದರು. ಬೇಸಿಗೆ ರಜೆ ಮುಗಿದ ಮೇಲೆ ಖುರ್ಷೀದ್ ಬರಲಿಲ್ಲ. ಅವಳ ನಿಕಾಹ್ ಆಗಿತ್ತು.

"ಅವಳದ್ದೂ ನೀನೇ ಮುಗಿಸು," ಎಂದರು ಟೀಚರಮ್ಮ.

"ಅದು ಖುರ್ಷೀದ್ ಪಾಲಿಂದು, ಟೀಚರ್."

ಅಕ್ಕಯಮ್ಮ ಆ ವರ್ಷ ಹೊಲಿಗೆಯಲ್ಲಿ ಫೇಲಾದಳು.

*

ಖುರ್ಷೀದ್ ಮೊಮ್ಮಗಳ ತೋಳು ಹಿಡಿದು ಆಟೋದಿಂದ ಇಳಿದು ಬಂದಾಗ ಬಟ್ಟೆ ಅಕ್ಕಯಮ್ಮನ ಎದೆಯ ಮೇಲಿತ್ತು. ಕಷ್ಟಪಟ್ಟು ಪಕ್ಕದಲ್ಲಿ ಕೂತು ಗೆಳತಿಯ ಕೈ ಸವರಿದಳು.

"ಬಂದೆ ನೋಡೇ. ಇವತ್ತು ಕನ್ನಡಕಾನೂ ತಂದಿದೀನಿ."

ಶಾಂತಕುಮಾರಿಗೆ ಅಳುವಿನ ನಡುವೆಯೂ ನಗು ಬಂತು. "ರೆಕ್ಕೆ ಹಾಕ್ಹೋಗೇ ಬಾ ಅಂತ ಹಬ್ಬಹಬ್ಬಕ್ಕೂ ಕರೀತಿದ್ಲು, ಖಾಲಾ. ನೀವು ಬಂದು ಹೋಳಿಗೆ ತಿಂದು, ಹರಟೆ ಹೊಡ್ದು, ಕನ್ನಡಕ ಮರ್ತೆ ಅಂತ ಎದ್ದು ಹೋಗ್ತಿದ್ರಿ."

"ಹಾಕ್ಬಿಟ್ಟಿದ್ರೆ ಆಮೇಲೆ ಯಾಕೆ ಕರೀತಿದ್ಲು, ಬೇಟಿ?"

ಖುರ್ಷೀದ್ ಮೂಗೊರೆಸಿಕೊಂಡಳು. "ಸೂಜಿ ದಾರ ಕೊಡು. ಅರ್ಧಂಬರ್ಧ ತಗೊಂಡೋದ್ರೆ ಆ ಟೀಚರಮ್ಮ ಅಲ್ಲೂ ಇವಳನ್ನ ಬೆಂಚಿನ ಮೇಲೆ ನಿಲ್ಲಿಸ್ತಾಳೆ."

"ಹೆಣ ಇರೋ ಮನೇಲಿ ಸೂಜಿ ಮುಟ್ಟಬಾರ್ದಮ್ಮ," ದೊಡ್ಡಮುನಿಯಪ್ಪ ಗದರಿದ. "ಮಕ್ಕಳು ಮರಿ ಇರೋ ಮನೆ. ಚಟ್ಟ ಬೇರೆ ರೆಡಿ ಐತೆ, ಹೊರೋರು ಬಿಸಿಲಲ್ಲಿ ನಿಂತವ್ರೆ."

ಶಾಂತಕುಮಾರಿ ತಡವರಿಸಿದಳು. ನಾಳೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಈ ಸೂಜಿಯ ಮಾತೇ ಏಳುವುದೆಂದು ಅವಳಿಗೆ ಗೊತ್ತಿತ್ತು. ತಾಯಿಯ ಮುಖ ನೋಡಿದಳು. ಒಳಗೆ ಹೋಗಿ ಸೂಜಿಯನ್ನೂ ಹಸಿರು ದಾರದ ಉಂಡೆಯನ್ನೂ ತಂದು, ತಾನೇ ಪೋಣಿಸಿದಳು.

"ಏನಾದ್ರೂ ಆದ್ರೆ ನನ್ನ ತಲೆ ಮೇಲಿರ್ಲಿ ಬಿಡಣ್ಣ."

ಅವನು ಗೊಣಗುತ್ತ ಹೊರಗೆ ಹೋಗಿ ಹೊರುವವರಿಗೆ ಟೀ ಹೇಳಿದ.

ಖುರ್ಷೀದ್ ತನ್ನ ಪಾಲಿನ ಅರ್ಧವನ್ನು ಮಂಡಿಯ ಮೇಲಕ್ಕೆ ಎಳೆದುಕೊಂಡಳು. ಇನ್ನರ್ಧ ಅಕ್ಕಯಮ್ಮನ ಮೇಲೆಯೇ ಇತ್ತು. ಸೊಟ್ಟ ಸೊಟ್ಟ ಹೊಲಿಗೆ. ಹೆಂಗಸರು ಅಳುವುದನ್ನು ಬಿಟ್ಟು ಬಗ್ಗಿ ನೋಡುತ್ತಿದ್ದರು. ಹಳೆಯ ಹಸಿರಿನ ಪಕ್ಕದಲ್ಲಿ ಹೊಸ ಹಸಿರು ಗೆರೆಗೆರೆಯಾಗಿ ತುಂಬುತ್ತ ಬಂತು.

"ಆಯ್ತೇನಮ್ಮಾ?" ಎಂದ ದೊಡ್ಡಮುನಿಯಪ್ಪ ಬಾಗಿಲಿನಿಂದ.

ರೆಕ್ಕೆ ಮುಗಿದಿತ್ತು. ಶಾಂತಕುಮಾರಿ ನೋಡುತ್ತಿದ್ದಂತೆಯೇ ಖುರ್ಷೀದ್ ತಲೆಯೆತ್ತದೆ, ಆಗಷ್ಟೇ ಹಾಕಿದ ಹೊಲಿಗೆಯ ಕೆಳಗೆ ಸೂಜಿಯ ಮೊನೆ ತೂರಿಸಿ, ಮೆಲ್ಲಗೆ ಬಿಚ್ಚತೊಡಗಿದಳು.

"ಇನ್ನೂ ಸ್ವಲ್ಪ ಇದೆ ಅಣ್ಣಾ," ಎಂದಳು ಶಾಂತಕುಮಾರಿ; ಉಂಡೆಯಿಂದ ಇನ್ನೊಂದು ಮೊಳ ದಾರ ಬಿಟ್ಟಳು.