ತಣ್ಣನೆಯ ಕೂಲರ್

ಪರದೆ ಮತ್ತೆ ಕಪ್ಪಾಯಿತು. ಹಸಿರು ಪಟ್ಟಿ ಅರ್ಧ ದಾಟಿ ಮುಂದೆ ತೆವಳುತ್ತಿತ್ತು, ಈ ಸಲ ಆಗಿಯೇ ಹೋಯಿತು ಎಂದುಕೊಂಡಿದ್ದಳು ಚೈತ್ರ. ಅಷ್ಟರಲ್ಲಿ ಮೇಜಿನ ಕೆಳಗಿದ್ದ ಕಂಪ್ಯೂಟರ್ ಆರಿಹೋಯಿತು. ಮಗಳು ಲೋಹಿತಾಳ ಜಡೆ ಅರ್ಧ ಹೆಣೆದಿದ್ದವಳು ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಪರದೆಯನ್ನು ನೋಡುತ್ತ ಕುಳಿತಳು.

"ಮತ್ತೆ ಮಲೀಕಂತಾ?" ಎಂದರು ಬಾಗಿಲ ಬಳಿ ಹಲಸಂದೆ ಕಾಯಿ ಬಿಡಿಸುತ್ತಿದ್ದ ಅತ್ತೆ ಶಿವರುದ್ರಮ್ಮ.

"ಹ್ಞೂಂ ಅತ್ತೆ."

"ನಮ್ಮ ಮಲ್ಲೇಶನಂಗೇ ಆಯ್ತು ಬುಡು. ಕೆಲಸ ಅಂದೇಟಿಗೆ ನಿದ್ದೆ."

ಲೋಹಿತಾ ಕಿಸಕ್ಕೆಂದಳು. ಚೈತ್ರಳಿಗೆ ನಗು ಬರಲಿಲ್ಲ. ಉಳಿದ ಜಡೆ ಹೆಣೆದು, ಡಬ್ಬಿಗೆ ಚಿತ್ರಾನ್ನ ತುಂಬಿ, ಮಗಳನ್ನು ಶಾಲೆಯ ವ್ಯಾನು ಹತ್ತಿಸಿ ಬಂದು ಮತ್ತೆ ಅದರ ಮುಂದೆಯೇ ಕುಳಿತಳು.

ಮಲ್ಲೇಶನಿಗೆ ಬಡವನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಸ್ಟುಡಿಯೋ. ಸುತ್ತಲಿನ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆಲ್ಲ ಕ್ಯಾಮೆರಾ ಹೊತ್ತು ಹೋಗುವವನು ಅವನು. ಅವನು ತಂದು ಸುರಿದದ್ದನ್ನು ಮನೆಯಲ್ಲಿ ಕುಳಿತು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಒಂದು ವಿಡಿಯೋ ಮಾಡುವವಳು ಚೈತ್ರ. ಲೋಹಿತಾ ತೊಡೆಯ ಮೇಲೆ ಹಾಲು ಕುಡಿಯುತ್ತಿದ್ದಾಗಲೇ ಒಂದು ಕೈಯಲ್ಲಿ ಮೌಸ್ ಹಿಡಿದು ಕಲಿತ ಕೆಲಸ ಅದು. ಸಾರು ಕುದಿಯುವುದರೊಳಗೆ ಒಂದು ಧಾರೆ, ಬಟ್ಟೆ ನೆನೆಯುವುದರೊಳಗೆ ಒಂದು ಆರತಕ್ಷತೆ.

ಈಗ ಮುಗಿಯಬೇಕಾಗಿದ್ದದ್ದು ತಾವರೆಕೆರೆಯ ವೆಂಕಟರಾಮಯ್ಯನವರ ಮಗ ರಂಗೇಶನ ಮದುವೆಯದು. ನಾಳೆ ಮಧ್ಯಾಹ್ನ ಬೀಗರ ಊಟ. ಹೆಣ್ಣಿನ ಕಡೆಯವರು ಪಾವಗಡದಿಂದ ಬರುತ್ತಾರೆ, ಶಾಮಿಯಾನದಲ್ಲಿ ದೊಡ್ಡ ಪರದೆ ಕಟ್ಟಿಸುತ್ತೇವೆ, ಎಲ್ಲರೂ ನೋಡಬೇಕು ಎಂದಿದ್ದರು ವೆಂಕಟರಾಮಯ್ಯ. ಚೈತ್ರ ಅದನ್ನು ಜೋಡಿಸಿ ಮುಗಿಸಿದ್ದಳು. ಬೇರೆಯವರಾದರೆ ಬಿಸಾಡುವಂಥ ತುಣುಕುಗಳನ್ನೂ ಬಿಡದೆ ಹೆಕ್ಕಿ ಕೂಡಿಸಿದ್ದಳು. ಆದರೆ ಅಷ್ಟನ್ನೂ ಸೇರಿಸಿ ಒಂದೇ ಫೈಲು ಮಾಡಬೇಕಾದರೆ ಕಂಪ್ಯೂಟರ್ ಎಡೆಬಿಡದೆ ದುಡಿಯಬೇಕು. ಅದು ಕೆಲಸ ಮುಗಿಸುವ ಮುಂಚೆಯೇ ಕಾದು ಆರಿಹೋಗುತ್ತಿತ್ತು.

ಫೋನು ಹೊಡೆದುಕೊಂಡಿತು. ಕೊರಟಗೆರೆಯಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದ ಮಲ್ಲೇಶ.

"ಆಯ್ತೇನೇ?"

"ಇಲ್ಲ ರೀ. ಮತ್ತೆ ಆಫಾಯ್ತು."

ಅತ್ತ ಕಡೆಯಿಂದ ಓಲಗದ ಸದ್ದು ಕೇಳುತ್ತಿತ್ತು. ಮಲ್ಲೇಶ ಪಕ್ಕಕ್ಕೆ ಬಂದು ಹೇಳಿದ. "ಸಾಯಂಕಾಲ ಬಂದು ಕ್ಯಾಮೆರಾ ಕಾರ್ಡು ತಗಂಡು ತುಮಕೂರಿಗೆ ಹೋಯ್ತೀನಿ. ಪ್ರಭುದೇವ್ ಅವನ ಸ್ಟುಡಿಯೋದಾಗೆ ಬೆಳಗಾಗದ್ರೊಳಗೆ ಏನೋ ಒಂದು ಮಾಡಿ ಕೊಡ್ತಾನಂತೆ."

"ನಾನು ಮಾಡಿರೋದು?"

"ಅವನ ಸಾಫ್ಟ್‌ವೇರೇ ಬೇರೆ ಕಣೇ. ಮೊದಲಿಂದ ಮಾಡ್ತಾನೆ." ಒಳ್ಳೆಯ ಸುದ್ದಿ ಹೇಳುವವನಂತೆ ಮುಂದುವರಿಸಿದ. "ನಾನೇನು ಅಂದ್ಕಂಡೆ ಅಂದ್ರೆ, ಇನ್ಮ್ಯಾಲೆ ಎಲ್ಲಾ ಅವನಿಗೇ ಕೊಟ್ಬುಡಾನ. ಆ ಡಬ್ಬ ಮಾರ್ಬುಡಾನ. ನಿಂಗೂ ಆರಾಮು."

ಆರಾಮು! ಅವನು ಪ್ರೀತಿಯಿಂದಲೇ ಹೇಳಿದ್ದ. ಅದಕ್ಕೇ ಅದು ಇನ್ನೂ ಆಳಕ್ಕೆ ನಾಟಿತು. ಈ ಮನೆಯಲ್ಲಿ ಪಾತ್ರೆ, ಬಟ್ಟೆ, ಒಲೆ, ಎಲ್ಲವೂ ಎಲ್ಲರದೂ ಆಗಿದ್ದವು. ಇದೊಂದು ಮೇಜು ಮಾತ್ರ ಅವಳದಾಗಿತ್ತು.

"ಸಾಯಂಕಾಲದವರೆಗೂ ಟೈಮೈತಲ್ಲ, ನೋಡ್ತೀನಿ" ಎಂದು ಫೋನಿಟ್ಟಳು.

ಮೊದಲು ಶಿರಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಯಾಜನಿಗೆ ಫೋನು ಮಾಡಿದಳು. "ಧೂಳು ಕೂತಿರುತ್ತೆ ಅಕ್ಕಾ, ಮೊದ್ಲು ಸಾಫ್ ಮಾಡಿ" ಎಂದ. ಪ್ಲಗ್ಗು ಕಿತ್ತು, ಡಬ್ಬದ ಪಕ್ಕದ ತಗಡು ಬಿಚ್ಚಿ, ಲೋಹಿತಾಳ ಬಣ್ಣದ ಬ್ರಶ್ಶಿನಿಂದ ಸಂದುಗೊಂದೆಲ್ಲ ಗುಡಿಸಿದಳು. ಬಂದದ್ದು ಒಂದು ಚಿಟಿಕೆ ಧೂಳು. ಪ್ರೊಸೆಸರ್ ಮೇಲೆ ಕೂತು ಅದರ ಕಾವು ಹೀರುವ ಕೂಲರಂತೂ ಹೊಸದು. ಹಳೆಯದರ ಫ್ಯಾನು ಕರಕರ ಎನ್ನುತ್ತಿತ್ತೆಂದು ಹೋದ ತಿಂಗಳಷ್ಟೇ ಮಲ್ಲೇಶ ತುಮಕೂರಿನಿಂದ ತಂದು, ಮೊಬೈಲಿನಲ್ಲಿ ನೋಡಿಕೊಂಡು, ತಾನೇ ಕೂರಿಸಿದ್ದ. ಅದಾದ ಮೇಲೆ ಬಂದ ಮೊದಲ ದೊಡ್ಡ ಕೆಲಸವೆಂದರೆ ಈ ಮದುವೆಯೇ.

ತಗಡು ಮುಚ್ಚದೆ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಮತ್ತೆ ಶುರು ಮಾಡಿದಳು. ಬಿಸಿ ಎಷ್ಟಿದೆಯೆಂದು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಳ್ಳಲು ನಯಾಜ ಹೇಳಿದ್ದ. ಅದರಲ್ಲಿ ಅಂಕಿ ಸರಸರ ಏರಿ ಕೆಂಪಾಯಿತು.

ಶಿವರುದ್ರಮ್ಮ ಎದ್ದು ಬಂದು ಇಣುಕಿದರು. "ಜ್ವರ ಬಂದೋರಿಗೆ ಹಾಕ್ದಂಗೆ ಒಂದು ಒದ್ದೆ ಬಟ್ಟೆ ಹಾಕಾನ ಕಣಮ್ಮ."

"ಬ್ಯಾಡ ಅತ್ತೆ! ನೀರು ಬಿದ್ರೆ ಸುಟ್ಟೇ ಹೋಯ್ತದೆ."

"ನಿಂಗೆ ಜ್ವರ ಬಂದಾಗ ಹಾಕಿದ್ನಲ್ಲ, ನೀನೇನು ಸುಟ್ಟೋದ್ಯಾ?"

ಅಂಕಿ ನೂರು ಮುಟ್ಟಿತು. ಪರದೆ ಕಪ್ಪಾಯಿತು.

ಚೈತ್ರ ಪ್ಲಗ್ಗು ಕಿತ್ತಳು. ಮಗು ಅಳು ನಿಲ್ಲಿಸದಿದ್ದಾಗ ಕಾರಣ ಗೊತ್ತಿಲ್ಲದೆ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ ಕೈ ಚಾಚಿ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಮುಟ್ಟಿದಳು. ಸುಡುತ್ತದೆಂದು ಬೆರಳು ಮೊದಲೇ ಹಿಂಜರಿದಿತ್ತು.

ಸುಡಲಿಲ್ಲ. ರೆಕ್ಕೆಗಳು ತಣ್ಣಗಿದ್ದವು. ಬುಡದವರೆಗೂ ಬೆರಳಿಳಿಸಿದಳು. ಅಲ್ಲಿಯೂ ಬಿಸಿಯೆನ್ನುವಂಥದ್ದಿಲ್ಲ.

ಅವಳು ಕೈ ಹಿಂದಕ್ಕೆ ತೆಗೆಯದೆ ಯೋಚಿಸಿದಳು. ಕೆಳಗಿನದು ನೂರು ಡಿಗ್ರಿ ಕಾದಿದೆ. ಅದರ ಮೇಲೆಯೇ ಅಂಟಿ ಕೂತದ್ದು ತಣ್ಣಗಿದೆ. ಒಲೆ ಧಗಧಗ ಉರಿಯುತ್ತಿದ್ದು ಹೆಂಚು ಕಾಯದೆ ಇದ್ದರೆ ಯಾರಾದರೂ ಉರಿಯನ್ನು ಬೈಯುತ್ತಾರೆಯೇ? ಹೆಂಚನ್ನೆತ್ತಿ ನೋಡುತ್ತಾರೆ.

"ನಯಾಜ್ ಭಾಯ್, ಒಳಗೆ ನೂರು ತೋರಿಸ್ತೈತೆ, ಮ್ಯಾಲಿನ ಕೂಲರ್ ಮುಟ್ಟಿದ್ರೆ ತಣ್ಣಗೈತೆ."

"ತಣ್ಣಗಿದ್ರೆ ಒಳ್ಳೇದಲ್ವಾ ಅಕ್ಕಾ?"

"ಅಲ್ಲಣ್ಣ. ಕಾವು ಅದಕ್ಕೆ ಹತ್ತುತಾನೇ ಇಲ್ಲ. ನಡುವೆ ಏನೋ ಅಡ್ಡ ಐತೆ."

"ಅರೆ, ಸಹೀ ಬಾತ್! ಹಂಗಾದ್ರೆ ಕೂಲರ್ ಬಿಚ್ಚಿ ನೋಡಿ. ನಾಲ್ಕು ಮೂಲೇಲಿ ಪಿನ್ನಿದಾವೆ, ತಿರುವಿ ಎತ್ತಿದ್ರೆ ಬರುತ್ತೆ. ಆದ್ರೆ ಒಂದ್ ಮಾತು. ಒಂದ್ ಸಲ ಎತ್ತಿದ್ಮೇಲೆ ನಡುವೆ ಕಾವು ದಾಟಿಸೋ ಹಳೇ ಪೇಸ್ಟು ಒರೆಸಿ ಹೊಸದು ಹಾಕ್ಲೇಬೇಕು. ಪೇಸ್ಟಿಲ್ದೆ ಆನ್ ಮಾಡಿದ್ರೆ ಪ್ರೊಸೆಸರೇ ಖತಂ. ಪೇಸ್ಟ್ ಐತಾ?"

ಇತ್ತು. ಕೂಲರಿನ ಜತೆಗೇ ಬಂದಿತ್ತು, ಸೂಜಿಯಿಲ್ಲದ ಪುಟ್ಟ ಸಿರಿಂಜಿನಲ್ಲಿ ಬೂದು ಬಣ್ಣದ್ದು. ಮಲ್ಲೇಶ ಅರ್ಧ ಬಳಸಿ ಮೇಜಿನ ಮೇಲೇ ಇಟ್ಟಿದ್ದ. ಈಗ ಮೇಜಿನ ಮೇಲಿರಲಿಲ್ಲ. ಡ್ರಾಯರಿನಲ್ಲಿರಲಿಲ್ಲ. ಹೊಲಿಗೆ ಡಬ್ಬಿ, ಟಿವಿ ಹಿಂದೆ, ದೇವರ ಗೂಡು, ಎಲ್ಲೂ ಇಲ್ಲ. ಶಿರಾಕ್ಕೆ ಬಸ್ಸು ಹಿಡಿದು ಹೋಗಿ ತರೋಣವೆಂದರೆ, ವಾಪಸ್ಸು ಬಂದು ಕೆಲಸ ಶುರು ಮಾಡುವ ಹೊತ್ತಿಗೆ ಮಲ್ಲೇಶನೇ ಬಂದು ಬಾಗಿಲಲ್ಲಿ ನಿಂತಿರುತ್ತಾನೆ.

"ಏನವ್ವಾ ಹುಡುಕ್ತಿದ್ದೀಯ, ಮನೆಯೆಲ್ಲ ಮಗುಚಿ?"

"ಒಂದು ಸಣ್ಣ ಸಿರಿಂಜು ಅತ್ತೆ, ಬೂದಿ ಬಣ್ಣದ್ದು ತುಂಬಿತ್ತು."

ಶಿವರುದ್ರಮ್ಮ ಹಲಸಂದೆ ಮೊರವನ್ನು ಪಕ್ಕಕ್ಕಿಟ್ಟು, ತಲೆ ತಗ್ಗಿಸಿ, ಸೀರೆಯ ನೆರಿಗೆ ಸರಿಮಾಡಿಕೊಂಡರು. "ಅದಾ... ಮಂಡಿನೋವಿನ ಮುಲಾಮಲ್ವಾ ಅದು?"

"ಅತ್ತೆ! ಹಚ್ಕಂಡ್ರಾ?"

"ಒಂದೇ ಒಂದು ಸಲ ಕಣಮ್ಮ. ನೋವೂ ಕಮ್ಮಿಯಾಗ್ಲಿಲ್ಲ, ತೊಳೆದ್ರೆ ಬಣ್ಣಾನೂ ಹೋಗ್ಲಿಲ್ಲ. ಮಂಡಿಗೆ ವಿಭೂತಿ ಹಚ್ಕಂಡಂಗೆ ಆಗ್ಬುಡ್ತು. ಆ ಡಾಕ್ಟ್ರು ಕೈಗುಣ ಇಷ್ಟೇ ಅಂತ ಬೈಕಂಡು ಮುಲಾಮಿನ ಡಬ್ಬೀಗೆ ಹಾಕಿದೀನಿ."

ಚೈತ್ರ ಗೋಡೆಗೊರಗಿ ನಕ್ಕಳು. ಎರಡು ದಿನದ ಮೇಲೆ ಬಂದ ನಗುವಿಗೆ ಕಣ್ಣಲ್ಲಿ ನೀರಾಡಿತು. ಸಿರಿಂಜಿನ ತಳದಲ್ಲಿ ಕಡಲೆಕಾಳಿನಷ್ಟು ಪೇಸ್ಟು ಉಳಿದಿತ್ತು. ಬೇಕಾದದ್ದೂ ಅಷ್ಟೇ.

ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಡಬ್ಬವನ್ನು ಮಗ್ಗುಲಾಗಿ ಮಲಗಿಸಿದಳು. ಪಿನ್ನುಗಳನ್ನು ಒಂದೊಂದಾಗಿ ತಿರುವಿದಳು. ಕೊನೆಯದು ಮೊಂಡಾಟ ಮಾಡಿತು. ಬೈಯದೆ, ಬಲ ಹಾಕದೆ, ಅತ್ತಿತ್ತ ಆಡಿಸಿ ಬಿಡಿಸಿದಳು. ಕೂಲರ್ ಮೆಲ್ಲನೆ ಮೇಲೆದ್ದಿತು.

ಅದನ್ನು ಮಗುಚಿ ನೋಡಿದಳು. ಲೋಹದ ತಳ ಕಾಣಿಸಬೇಕಾದ ಕಡೆ ಪೇಸ್ಟು ಮೆತ್ತಿಕೊಂಡ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇತ್ತು. ಕಾವಿಗೆ ಒಂದು ಕಡೆ ಸುಕ್ಕುಗಟ್ಟಿತ್ತು. ಬಟ್ಟೆಯಿಂದ ಒರೆಸಿದಾಗ ಕೆಂಪಗೆ ಇಂಗ್ಲಿಷ್ ಅಕ್ಷರಗಳು ಕಂಡವು: ಕೂರಿಸುವ ಮುನ್ನ ಇದನ್ನು ಕಿತ್ತು ತೆಗೆಯಿರಿ.

ಚೈತ್ರ ನಿಧಾನವಾಗಿ ತಲೆಯೆತ್ತಿ ಮನೆಯನ್ನೊಮ್ಮೆ ನೋಡಿದಳು. ಫ್ರಿಜ್ಜಿನ ಬಾಗಿಲಿಗೆ ಅಂಗಡಿಯಲ್ಲಿ ಅಂಟಿಸಿದ್ದ ಹಾಳೆ ಇನ್ನೂ ಗುಳ್ಳೆಯೆದ್ದು ಅಂಟಿಕೊಂಡಿತ್ತು. ಕುರ್ಚಿಗಳು ಪ್ಲಾಸ್ಟಿಕ್ ಹೊದ್ದು ಕುಳಿತಿದ್ದವು. ಟಿವಿ ರಿಮೋಟು ಕವರಿನೊಳಗೇ ಮುದಿಯಾಗಿತ್ತು. ಹೊಸದರ ಹೊದಿಕೆ ಕಿತ್ತರೆ ಅದರ ಆಯುಸ್ಸೇ ಮುಗಿಯಿತೆನ್ನುವ ಮನೆ ಇದು.

ಮಲ್ಲೇಶನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಆದಷ್ಟು ಮೃದುವಾಗಿ ಕೇಳಿದಳು. "ರೀ, ಕೂಲರ್ ಹಾಕುವಾಗ ತಳದಾಗೊಂದು ಪ್ಲಾಸ್ಟಿಕ್ ಹಾಳೆ ಇತ್ತಲ್ಲ?"

"ಇತ್ತು. ಕೀಳ್ಲಿಲ್ಲ. ಹೊಸದಲ್ವಾ, ಗೀರು ಬಿದ್ದಾತು ಅಂತ ಅಂಗೇ ಬುಟ್ಟೆ. ಯಾಕೆ?"

ಶಿವರುದ್ರಮ್ಮ ಫೋನನ್ನು ಕಿತ್ತುಕೊಂಡರು. "ಲೇ ಮಲ್ಲೇಶ! ಕಾಯೋ ಪಾತ್ರೆಗೆ ಯಾರಾದ್ರೂ ಪ್ಲಾಸ್ಟಿಕ್ ಸುತ್ತುತಾರೇನ್ಲಾ? ಎರಡು ದಿನದಿಂದ ಈ ಹೆಣ್ಮಗಳು ಒದ್ದಾಡ್ತಾ ಅವಳೆ."

"ನೀನೇ ಅಲ್ವೇನವ್ವಾ, ಫ್ರಿಜ್ಜಿಂದು ಕಿತ್ತಿದ್ದಕ್ಕೆ ನನ್ನ ಬೆನ್ನಿಗೆ ಗುದ್ದಿದ್ದು?"

"ಫ್ರಿಜ್ಜು ತಣ್ಣಗಿರೋದು, ಇದು ಬಿಸಿಯಾಗೋದು! ಅಷ್ಟೂ ತಿಳಿಯಾಕಿಲ್ವೇನ್ಲಾ ನಿಂಗೆ?" ಎಂದು ಮಗನಿಗೆ ದಬಾಯಿಸಿ, ಮಂಡಿಯ ಮೇಲಿನ ಸೀರೆಯನ್ನು ಸ್ವಲ್ಪ ಕೆಳಕ್ಕೆಳೆದುಕೊಂಡು ಫೋನು ವಾಪಸ್ಸು ಕೊಟ್ಟರು.

ಚೈತ್ರ ಹಾಳೆಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದಳು. ಚರ್ರೆಂದು ಬಿಟ್ಟಿತು. ಒಳಗಿನ ತಾಮ್ರ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನಂತೆ ಹೊಳೆಯಿತು. ಹಳೆಯದನ್ನೆಲ್ಲ ಒರೆಸಿ, ಪ್ರೊಸೆಸರಿನ ನಡುವೆ ಹೊಸ ಪೇಸ್ಟಿನ ಬೊಟ್ಟಿಟ್ಟು, ಕೂಲರನ್ನು ಕೂರಿಸಿ, ಪಿನ್ನುಗಳನ್ನು ಒತ್ತಿದಳು. ಟಕ್, ಟಕ್ ಎಂದು ಒಂದೊಂದೂ ಕೂತದ್ದು ಬೆರಳಿಗೇ ತಿಳಿಯಿತು. ಡಬ್ಬವನ್ನೆತ್ತಿ ನಿಲ್ಲಿಸಿ ಪ್ಲಗ್ಗು ಹಾಕಿದಳು.

ಹಸಿರು ಪಟ್ಟಿ ಹೊರಟಿತು. ಬಿಸಿಯ ಅಂಕಿ ಐವತ್ತಾಯಿತು, ಅರವತ್ತಾಯಿತು. ಅರವತ್ತರ ಆಚೀಚೆ ಕೊಂಚ ಆಡಿ ಅಲ್ಲೇ ನಿಂತಿತು. ಪಟ್ಟಿ ಅರ್ಧ ದಾಟಿತು. ಮುಕ್ಕಾಲಿನ ಹತ್ತಿರ ಶಿವರುದ್ರಮ್ಮ ಸೊಸೆಯ ಮಣಿಕಟ್ಟು ಹಿಡಿದುಕೊಂಡರು. ಮುಕ್ಕಾಲೂ ದಾಟಿತು. ಕೊನೆಗೊಮ್ಮೆ ಮುಗಿಯಿತೆಂದು ಪರದೆ ಹೇಳಿದಾಗ ಶಿವರುದ್ರಮ್ಮ "ಶಿವನೇ!" ಎಂದರು. ಚೈತ್ರ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ಅತ್ತೆಯನ್ನೇ ತಬ್ಬಿಕೊಂಡಳು.

"ಪ್ರಭುದೇವಂಗೆ ಬ್ಯಾಡ ಅಂತ ಹೇಳ್ಲಾ?" ಎಂದು ಕೇಳಿದ ಮಲ್ಲೇಶ, ಸುದ್ದಿ ಹೇಳಲು ಅವಳು ಮತ್ತೆ ಮಾಡಿದ ಫೋನಿನಲ್ಲಿ, ತಗ್ಗಿದ ದನಿಯಲ್ಲಿ.

"ಹೇಳಿ. ನಾಳಿಕ್ಕೆ ಮಾತ್ರ ಅಲ್ಲ, ಇನ್ಮ್ಯಾಲೆ ಯಾವತ್ತೂ ಬ್ಯಾಡ ಅಂತ ಹೇಳಿ. ಇದನ್ನ ಮಾರೋ ಮಾತೂ ಬ್ಯಾಡ."

"ಆಯ್ತು ಮಾರಾಯ್ತಿ."

"ಇನ್ನೊಂದು. ನಾಳೆ ತಾವರೆಕೆರೆಗೆ ನಾನೂ ಬತ್ತೀನಿ."

ಇಷ್ಟು ವರ್ಷ ಇಷ್ಟು ಮದುವೆ ಜೋಡಿಸಿದ್ದಳು. ಜನ ನೋಡುವುದನ್ನು ಒಂದು ಸಲವೂ ಅವಳು ನೋಡಿರಲಿಲ್ಲ.

ಮರುದಿನ ತಾವರೆಕೆರೆಯ ಶಾಮಿಯಾನದಲ್ಲಿ ಮೊದಲ ಪಂಕ್ತಿ ಕೂತಿತ್ತು. ಬಾಡೂಟದ ಘಮ ಬೀದಿಯುದ್ದಕ್ಕೂ ಹರಡಿತ್ತು. "ನೀವು ಬಾಡು ತಿನ್ನಲ್ಲ ಅಂತ ನಿಮಗೆ ಬ್ಯಾರೆ ಮಾಡ್ಸಿದೀವಿ ಕಣಮ್ಮ, ಹಂಗೇ ಹೋಗ್ಬ್ಯಾಡಿ" ಎಂದು ವೆಂಕಟರಾಮಯ್ಯನವರ ಹೆಂಡತಿ ರಾಜಲಕ್ಷ್ಮಮ್ಮ ಹೇಳಿ, ಅಡುಗೆಯವರನ್ನು ಗದರಲು ಆಚೆ ಓಡಿದರು. ಚೈತ್ರ ಹಿಂದಿನ ಕಂಬವೊಂದಕ್ಕೆ ಆತು ನಿಂತಳು. ಮಲ್ಲೇಶ ಪೆನ್‌ಡ್ರೈವ್ ಚುಚ್ಚಿದ.

ಮೊದಲಿಗೆ ಗದ್ದಲವಿತ್ತು. "ಅಗೋ ನಾನು!" "ಲೇ, ನಿನ್ ಹೊಟ್ಟೆ ಪರದೆಗೂ ಹಿಡಿತಿಲ್ಲ ಕಣ್ಲಾ!" ಎಂದು ನಗುತ್ತಿದ್ದರು. ಆಮೇಲೆ, ಕ್ಯಾಮೆರಾ ನಿಲ್ಲಿಸಲು ಮಲ್ಲೇಶ ಮರೆತಾಗ ತಾನಾಗಿ ಹಿಡಿದುಕೊಂಡಿದ್ದ ಒಂದು ತುಣುಕು ಬಂತು. ಧಾರೆ ಮುಗಿದು ಎಲ್ಲ ಊಟಕ್ಕೆ ಹೋಗಿದ್ದಾರೆ. ಖಾಲಿ ಮಂಟಪದ ಮೆಟ್ಟಿಲ ಮೇಲೆ ಹೆಣ್ಣಿನ ತಂದೆ ಒಬ್ಬರೇ ಕೂತು, ಬೆಳಗಿನಿಂದ ಏನೂ ತಿಂದಿಲ್ಲದವರಂತೆ ಒಂದು ಲಾಡನ್ನು ಅವಸರದಲ್ಲಿ ತಿನ್ನುತ್ತಿದ್ದಾರೆ. ತಿನ್ನುತ್ತಾ ಅಳುತ್ತಿದ್ದಾರೆ. ಇಡೀ ಮದುವೆಯಲ್ಲಿ ಎಲ್ಲರನ್ನೂ ಗದರಿಕೊಂಡೇ ಓಡಾಡಿದ ರಾಜಲಕ್ಷ್ಮಮ್ಮ ಹಿಂದಿನಿಂದ ಬರುತ್ತಾರೆ. ಒಂದು ಲೋಟ ನೀರನ್ನು ಅವರ ಪಕ್ಕದಲ್ಲಿಟ್ಟು, ಮುಖ ನೋಡದೆ ಹೊರಟುಹೋಗುತ್ತಾರೆ. ಅದಕ್ಕೆ ಚೈತ್ರ ಹಾಡು ಹಾಕಿರಲಿಲ್ಲ.

ಶಾಮಿಯಾನದಲ್ಲಿದ್ದವರೆಲ್ಲ ಪರದೆಯನ್ನೇ ನೋಡುತ್ತಿದ್ದರು. ಪಾವಗಡದಿಂದ ಬಂದಿದ್ದ ಮುದುಕಿಯೊಬ್ಬರು "ಎವುರಮ್ಮಾ ಇದಿ ಚೇಸಿಂದಿ?" ಎಂದು ತೆಲುಗಿನಲ್ಲಿ, ಇದನ್ನು ಮಾಡಿದವರು ಯಾರೆಂದು ಪಕ್ಕದವರನ್ನು ಕೇಳಿದರು. ಮಲ್ಲೇಶ ತಿರುಗಿ, ಕಂಬದ ಕಡೆಗೆ ಕೈ ತೋರಿಸಿ, "ನಮ್ಮ ಮನೆಯೋರು" ಎಂದ.

ಚೈತ್ರ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಪಂಕ್ತಿಯನ್ನು ನೋಡುತ್ತಿದ್ದಳು. ಬಿಸಿ ಮುದ್ದೆಗಳು ಎಲೆಗಳ ಮೇಲೆ ಹಬೆಯಾಡುತ್ತಿದ್ದವು, ಯಾರ ಕೈಯೂ ಅವುಗಳ ಮೇಲಿರಲಿಲ್ಲ. ಸಾರಿನ ಬಕೆಟ್ಟು ಹಿಡಿದು ಓಡುತ್ತಿದ್ದ ಬಡಿಸುವವನು ಎರಡು ಎಲೆಗಳ ನಡುವೆ ನಿಂತುಬಿಟ್ಟಿದ್ದ. ಎತ್ತಿದ ಸೌಟು ಗಾಳಿಯಲ್ಲೇ ಇತ್ತು, ಅದರಿಂದ ಸಾರು ಹನಿಹನಿಯಾಗಿ ಬಕೆಟ್ಟಿಗೇ ಬೀಳುತ್ತಿತ್ತು.