ಖಾನಾಪುರಕ್ಕೆ ಹೋದ ಇಲಿ

ರಾತ್ರಿ ಒಂದೂವರೆಗೆ ಅಡುಗೆಮನೆಯಿಂದ ಸಣ್ಣದೊಂದು ‘ಚೀಂ’ ಕೇಳಿಸಿತು. ಮಲಗುವ ಮುಂಚೆ ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುವ ನನ್ನಂಥವಳಿಗೆ ಎಚ್ಚರವಾಗಲು ಅಷ್ಟು ಸಾಕು. ನನ್ನ ಗಂಡ ಚೇತನ ಮಗ್ಗಲು ಕೂಡ ಬದಲಿಸಲಿಲ್ಲ.

ಅಕ್ಕಿ ಚೀಲದ ಪಕ್ಕ, ಅಂಟು ಸವರಿದ ಪ್ಯಾಡಿನ ಮೇಲೆ ಇಲಿ ಸಿಕ್ಕಿತ್ತು. ಸಂಜೆ ಚೇತನ ಬೆಳಗಾವಿಯ ರವಿವಾರ ಪೇಟೆಯಿಂದ ತಂದಿದ್ದ ಪ್ಯಾಡು. ವಿಷ ಬೇಡ, ಕತ್ತು ಹಿಸುಕುವ ಬೋನು ಬೇಡ ಎಂದು ಅತ್ತೆ ಶಿವಬಸವ್ವ ತಾಕೀತು ಮಾಡಿದ್ದರು. ಕೊರಳಲ್ಲಿ ಲಿಂಗ ಧರಿಸಿದವರ ಮನೆಯಲ್ಲಿ ಜೀವ ಹೋಗಬಾರದು. ಅಂಟಾದರೆ ಬರೀ ಹಿಡಿಯುತ್ತದೆ. ಬೆಳಿಗ್ಗೆ ಪ್ಯಾಡನ್ನು ಪುಸ್ತಕದಂತೆ ಮಡಚಿ ಕಸದ ಗಾಡಿಗೆ ಹಾಕಿದರಾಯಿತು. ಆಮೇಲೆ ಏನಾಗುತ್ತದೆ ಎಂಬುದು ಮನೆಯಲ್ಲಿ ಚರ್ಚೆಗೆ ಬಂದಿರಲಿಲ್ಲ.

ಹಿಂದೆಯೇ ಅತ್ತೆಯೂ ಎದ್ದು ಬಂದರು. “ಸತ್ತೈತೇನವಾ?”

“ಇಲ್ರೀ ಅತ್ತಿ. ಜೀವ ಐತ್ರಿ.”

“ನಾ ಹೇಳಿದ್ದಿಲ್ಲೇನು?”

“ಕಸದ ಗಾಡಿ ಬರೂದು ಏಳಕ್ಕರಿ. ಅಲ್ಲಿತನಾ ಹಿಂಗ ಒದರತಿರತೈತಿ.”

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಇಲಿಯ ಕೆನ್ನೆಯೂ ಅಂಟಿತ್ತು. ಬಹಳ ಹೊತ್ತು ನೋಡಿ, “ಎಣ್ಣಿ ಹಾಕಿದ್ರ ಬಿಡತೈತಂತ,” ಎಂದರು. “ಶೇಂಗಾ ಎಣ್ಣಿ ಡಬ್ಬಿ ಮುಟ್ಟಬ್ಯಾಡ. ನಿನ್ನೆ ಭಜಿ ಕರದದ್ದು ಉಳದೈತಿ, ಅದನ್ನ ತಗೋ.”

ಇಲಿಯನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಹಿಂದಿನ ಕಾಲೊಂದು ವಿಚಿತ್ರವಾಗಿ ತಿರುಗಿತ್ತು. ಎಣ್ಣೆಯ ಜಾರಿಕೆ ಇರಬೇಕು ಎಂದುಕೊಂಡೆ. ಇಲ್ಲೇ ಬಿಟ್ಟರೆ ಮತ್ತೆ ಅಕ್ಕಿಗೇ ಬರುತ್ತದೆಂದು, ನಾನು ಪಾಠ ಮಾಡುವ ಖಾನಾಪುರದ ಸಾಲಿಯ ಕಡೆ ಬಿಟ್ಟು ಬರಲು ಅತ್ತೆ ಹೇಳಿದರು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದೆವು.

ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಸಾಲಿಯ ಪ್ರಮಿಳಾ ಪಕ್ಕದಲ್ಲೇ ಕುಳಿತರು. ಎರಡು ಸ್ಟಾಪ್ ದಾಟುವುದರೊಳಗೆ ಮೂಗು ಅರಳಿತು.

“ಭಜಿ ಏನ್ರೀ ಟೀಚರ್? ತಗೀರಿ, ಖಾನಾಪುರ ಮುಟ್ಟೂದ್ರಾಗ ತಣ್ಣಗಾಗತಾವ.”

“ಇವತ್ತ ನನ್ನ ಉಪವಾಸರಿ.”

“ನಿಮ್ಮದ ಉಪವಾಸ, ನಂದಲ್ಲಲ್ಲ.”

ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ಉಳಿದ ದಾರಿಯೆಲ್ಲ ಪ್ರಮಿಳಾ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನನ್ನು ಜಿಪುಣಿ ಎಂದುಕೊಂಡಿರಬೇಕು.

ಸಾಲಿಯ ಹಿಂದಿನ ಬದುವಿನ ಮೇಲೆ ಡಬ್ಬಿ ತೆರೆಯುವಾಗ ಗದ್ದೆಯ ಒಡೆಯ ಲಕ್ಷ್ಮಪ್ಪ ಸಲಿಕೆ ಹೊತ್ತು ಬಂದರು.

“ಏನ್ ಬಿಡಾಕತ್ತೀರಿ ಅಕ್ಕೋರ?”

ಸುಳ್ಳು ಹೊಳೆಯಲಿಲ್ಲ. “ಇಲಿರಿ.”

“ಯಾಕ, ನಮ್ಮ ಗದ್ಯಾಗ ಕಮ್ಮಿ ಬಿದ್ದಾವೇನು, ಬೆಳಗಾಂವಿಂದ ತಂದೀರಲ್ಲ.”

ಇಲಿ ಎರಡು ಬೆರಳಿನಷ್ಟು ದೂರ ತೆವಳಿ ಒಂದು ಬದಿಗೆ ಬಿತ್ತು. ಬೆಳಕಿನಲ್ಲಿ ಕಾಲಿನ ಚರ್ಮ ಕಿತ್ತುಬಂದದ್ದು ಕಾಣಿಸಿತು. ಲಕ್ಷ್ಮಪ್ಪ ಕುಕ್ಕರುಗಾಲಲ್ಲಿ ಕುಳಿತರು.

“ಅಂಟಿಗೆ ಸಿಕ್ಕಿದ್ದೇನ್ರಿ?”

“ಹೂಂ.”

“ನಾನೂ ಇಲಿ ಹೊಡಿತೀನ್ರಿ. ಒಂದ ಏಟು. ರಾತ್ರಿಪೂರ್ತಿ ಹಿಡದ ಇಡಂಗಿಲ್ಲ.” ಮಳೆಯ ಸುದ್ದಿ ಹೇಳುವವರಂತೆ ಹೇಳಿದರು. “ಇದು ಬದಕೂದಿಲ್ಲ. ಇನ್ನ ಸ್ವಲ್ಪ ಹೊತ್ತಿಗೆ ಕಾಗಿ ಕುಕ್ಕತಾವ. ಬಿಡ್ಲೋ, ಮುಗಸ್ಲೋ, ನೀವ ಹೇಳ್ರಿ.”

ಕೇಳದೆ ಮಾಡಿಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಎದ್ದು, ಸಲಿಕೆ ಹಿಡಿದು ಕಾಯುತ್ತ ನಿಂತರು. ಇಲಿಯ ಪಕ್ಕೆ ಬೇಗಬೇಗ ಏರಿಳಿಯುತ್ತಿತ್ತು.

“ಮುಗಸ್ರಿ,” ಎಂದೆ. ಮುಖ ತಿರುಗಿಸಲಿಲ್ಲ. ಅವರು ಹೇಳಿದಂತೆ ಒಂದೇ ಏಟು.

ಬಿಡುವಿನಲ್ಲಿ ಅತ್ತೆಯ ಫೋನು. ಉಳಿದ ಪ್ಯಾಡುಗಳನ್ನು ವಾಪಸ್ ಕೊಟ್ಟು ಪಂಜರ ತರಲು ಚೇತನನಿಗೆ ಹೇಳಿದ್ದಾರಂತೆ.

“ಬಿಟ್ಟೇನವಾ?”

“ಗದ್ಯಾಗ ಬಿಟ್ಟೀನ್ರಿ.” ಅಷ್ಟರವರೆಗೆ ಸುಳ್ಳಿರಲಿಲ್ಲ.

“ಓಡಿತೇನು?”

ಅವರ ದನಿ ಸಣ್ಣ ಹುಡುಗಿಯದರಂತಿತ್ತು.

“ಓಡಿತ್ರಿ ಅತ್ತಿ.”

ಅವರಿಗೂ, ಚೇತನನಿಗೂ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ನಿಶ್ಚಯಿಸಿ ಒಂಬತ್ತನೇ ಕ್ಲಾಸಿಗೆ ಹೋದೆ.