ಸಂದರ್ಶನ: ಓಬಮ್ಮ, ಕೂಲಿ

“ನಿಮ್ಮವ್ವ ಯಾವ ಜರ್ನಲ್ಲೇ?”

ಮೃತ್ಯುಂಜಯ ಸರ್ ಕೆಂಪು ಪೆನ್ನಿನಿಂದ ನನ್ನ ಪ್ರಬಂಧದ ಅಡಿಟಿಪ್ಪಣಿಯ ಸುತ್ತ ಒಂದು ಸುತ್ತು ಹಾಕಿದರು. ಸಾಲದೆನ್ನಿಸಿ ಇನ್ನೊಂದು ಸುತ್ತು. ‘ಸಂದರ್ಶನ: ಓಬಮ್ಮ, ಕೂಲಿ, ಮಾಜಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ’ ಎಂಬ ಸಾಲು ಬುಟ್ಟಿ ಕವುಚಿದ ಕೋಳಿಯ ಹಾಗೆ ಒಳಗೇ ಉಳಿಯಿತು.

“ಹೇಳು. ಐಎಸ್‌ಎಸ್‌ಎನ್ ನಂಬರ್ ಇದ್ಯಾ ನಿಮ್ಮವ್ವಂಗೆ? ಪೀರ್ ರಿವ್ಯೂ ಆಗಿದ್ದಾಳಾ?”

ಕಡೂರಿನ ಕಾಲೇಜಿನ ಆ ಕೋಣೆಯಲ್ಲಿ ನನ್ನ ಜೊತೆ ಎಂ.ಎ. ಓದುವ ಇನ್ನೂ ಮೂರ್ನಾಲ್ಕು ಜನ ಇದ್ದರು. ಮಹೇಂದ್ರ ನಕ್ಕ. ಉಳಿದವರು ನಗುವುದೋ ಬೇಡವೋ ಎಂದು ಸರ್ ಮುಖ ನೋಡಿ, ಆಮೇಲೆ ನಕ್ಕರು.

“ಅವ್ವನೇ ಸರ್ ಅಧ್ಯಕ್ಷೆ ಆಗಿದ್ದು.”

“ಗೊತ್ತಮ್ಮಾ. ಮೀಸಲಾತಿ ಸೀಟು, ಗೊತ್ತು. ಈಗ ಅವಳು ಏನು ಹೇಳ್ತಾಳೆ? ‘ನಾನು ಒಂದು ಗ್ರಾಮಸಭೆನೂ ಕಂಡಿಲ್ಲ’ ಅಂತ. ಸರ್ಕಾರಿ ವೆಬ್‌ಸೈಟ್ ಏನು ಹೇಳುತ್ತೆ? ‘ಓಬಮ್ಮನವರ ಅಧ್ಯಕ್ಷತೆಯಲ್ಲಿ ನಡೆಯಿತು’ ಅಂತ. ಫೋಟೋ ಇದೆ. ನಾನು ಯಾರನ್ನ ನಂಬ್ಲಿ? ಹೆಬ್ಬೆಟ್ಟು ಒತ್ತೋ ಹೆಂಗಸನ್ನೋ, ಗೌರ್ಮೆಂಟನ್ನೋ?”

ಅವರು ಮೊದಲ ಸೆಮಿಸ್ಟರಿನಲ್ಲೇ ಬೋರ್ಡಿನ ಮೇಲೆ ಬರೆಸಿದ್ದ ನಿಯಮ ನನಗೆ ಬಾಯಿಪಾಠವಿತ್ತು. ಆನ್‌ಲೈನಿನಲ್ಲಿ ಸಿಕ್ಕಿದ್ದೆಲ್ಲ ಆಧಾರವಲ್ಲ. ಯಾರು ಬರೆದರು ನೋಡು, ಯಾರು ಪ್ರಕಟಿಸಿದರು ನೋಡು, ಇನ್ನೊಂದು ಆಧಾರದ ಜೊತೆ ತಾಳೆ ಹಾಕು. ಸರ್ಕಾರದ ವೆಬ್‌ಸೈಟಾದರೆ ಕಣ್ಣು ಮುಚ್ಚಿ ನಂಬು. ವಿಕಿಪೀಡಿಯಾ ಬೇಡ, ವಾಟ್ಸಾಪ್ ಬೇಡ, ಊರ ಮಾತು ಬೇಡವೇ ಬೇಡ.

“ಸೋಮವಾರದೊಳಗೆ ನಾಲ್ಕನೇ ಅಧ್ಯಾಯ ಬದಲಾಯ್ಸು. ಇಲ್ದಿದ್ರೆ ನಾನು ಸೈನ್ ಹಾಕಲ್ಲ. ಸೈನ್ ಇಲ್ದಿದ್ರೆ ವೈವಾ ಇಲ್ಲ, ವೈವಾ ಇಲ್ದಿದ್ರೆ ಡಿಗ್ರಿ ಇಲ್ಲ. ಆಮೇಲೆ ನಿಮ್ಮವ್ವನ ಜೊತೆ ಕೂಲಿಗೆ ಹೋಗು, ಅಲ್ಲೇ ಎಷ್ಟು ಬೇಕಾದ್ರೂ ಸಂದರ್ಶನ ಮಾಡು.”

ಈ ಸಲ ಎಲ್ಲರೂ ಒಟ್ಟಿಗೇ ನಕ್ಕರು. ಹಾಸ್ಟೆಲ್ಲೂ ಸ್ಕಾಲರ್‌ಶಿಪ್ಪೂ ಈ ವರ್ಷಕ್ಕೆ ಮುಗಿಯುತ್ತಿದ್ದವು. ಇನ್ನೊಂದು ವರ್ಷ ಎನ್ನುವುದು ನನಗಿರಲಿಲ್ಲ.

*

ಆನ್‌ಲೈನ್ ಲೈಬ್ರರಿಯ ಪಾಸ್‌ವರ್ಡ್ ಸರ್ ಹತ್ತಿರ ಮಾತ್ರ ಇತ್ತು. ವಿದ್ಯಾರ್ಥಿಗಳಿಗೆಂದೇ ಬಂದದ್ದು. ಕೇಳಿದವರಿಗೆ ಅವರು ತರೀಕೆರೆಯ ಮನೆಗೆ ಬಾ ಎನ್ನುತ್ತಿದ್ದರು. ಮಹೇಂದ್ರ ಹೋಗಿ, ಸೋಫಾದ ಮೇಲೆ ಕೂತು, ಪೆನ್‌ಡ್ರೈವ್ ತುಂಬಿಕೊಂಡು, ಅಕ್ಕಿರೊಟ್ಟಿ ತಿಂದು ಬಂದಿದ್ದ.

ನಾನು ಹೋದಾಗ ಬಾಗಿಲಿಗೆ ಬಂದವರು ಸರ್ ತಾಯಿ, ವಿಮಲಮ್ಮ.

“ಯಾವೂರಮ್ಮಾ?”

“ಶಿವನಿ ಹತ್ರ.”

“ಓ, ನಮ್ಮ ನೆಂಟ್ರೆಲ್ಲಾ ಅಲ್ಲೇ ಇರೋದು. ಊರೊಳಗಾ, ಊರಾಚೆಗಾ?”

“ಆಚೆಗೆ.”

ವಿಮಲಮ್ಮ ಸೊಳ್ಳೆ ಪರದೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡರು. “ಅಲ್ಲೇ ಜಗಲಿ ಮೇಲೇ ಕೂತ್ಕೊಳಮ್ಮಾ. ಒಳ್ಳೆ ಗಾಳಿ ಬರುತ್ತೆ.” ಕಾಫಿ ಪೇಪರ್ ಲೋಟದಲ್ಲಿ ಬಂತು.

ಹಾಲ್‌ನ ಒಳಗಿಂದ ಸರ್ ಕೂಗಿದರು: “ಲ್ಯಾಪ್‌ಟಾಪ್ ವೈರ್ ಅಲ್ಲಿವರ್ಗೂ ಬರಲ್ಲ ಯಶೋಧರಾ. ನಾನು ಓದ್ತೀನಿ, ನೀನು ಬರ್ಕೋ.”

ಹೀಗೆ ನಾನು ಬರೆದುಕೊಂಡೆ. ಅವರು ಒಳಗೆ ಫ್ಯಾನಿನ ಕೆಳಗೆ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ನಾನು ಆಚೆ, ಪರದೆಗೆ ಕಿವಿಯಿಟ್ಟು. ಫ್ಯಾನು ಗಾಳಿಯ ಜೊತೆ ಕೆಲವು ಪದಗಳನ್ನೂ ಬೀಸಿಕೊಂಡು ಹೋಗುತ್ತಿತ್ತು. ಕೇಳಿಸಲಿಲ್ಲ ಸರ್ ಎಂದರೆ ಕಿರುಚುತ್ತಿದ್ದರು.

“‘ಅಜ್ಜಂಪುರ ತಾಲ್ಲೂಕಿನ ಈ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿಯ ಅಧ್ಯಕ್ಷೆಯೊಬ್ಬರು ಗ್ರಾಮಸಭೆಗಳನ್ನು ಸ್ವತಂತ್ರವಾಗಿ ನಡೆಸಿದರು. ತಮ್ಮ ಕೇರಿಗೆ ನಲ್ಲಿ ನೀರು ತಂದರು.’ ಬರ್ಕೊಂಡ್ಯಾ? ನಿಮ್ಮವ್ವನ ವಿಷ್ಯನೇ. ಡೆಲ್ಲಿ ಜರ್ನಲ್ಲು.”

ನನ್ನ ಪೆನ್ನು ‘ನಲ್ಲಿ’ಯ ಹತ್ತಿರ ನಿಂತಿತು.

“ಬರೆದವ್ರು ಯಾರು ಸರ್?”

ಒಳಗೆ ಕುರ್ಚಿ ಕಿರುಗುಟ್ಟಿತು.

“ನಾನೇ. ಪ್ರಮೋಷನ್ ಕಮಿಟಿಗೆ ಹೋಗಿರೋ ಪೇಪರ್ ಇದು.”

“ಆಧಾರ ಯಾವುದು ಸರ್?”

“ಗೌರ್ಮೆಂಟ್ ವೆಬ್‌ಸೈಟ್, ಇನ್ಯಾವುದು? ಈಗ ನಿಂಗೆ ಎರಡು ಆಧಾರ ಆಯ್ತಲ್ಲ. ತಾಳೆ ಆಯ್ತಲ್ಲ. ಅದನ್ನ ಹಾಕು, ನಿಮ್ಮವ್ವನ್ನ ತೆಗಿ.”

ಪೇಪರ್ ಲೋಟವನ್ನು ಎಲ್ಲಿ ಎಸೆಯಬೇಕೆಂದು ಯಾರೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಕೈಯಲ್ಲೇ ಇತ್ತು.

*

“ಏನಂದೆ? ನಾನು ನಲ್ಲಿ ತಂದ್ನಂತಾ?”

ಅವ್ವ ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು. ಆಗತಾನೇ ಊರ ಜಮೀನ್ದಾರ ರುದ್ರಮೂರ್ತಿಯವರ ಕಣದಿಂದ ಬಂದಿದ್ದಳು. ಮೈಯೆಲ್ಲ ಈರುಳ್ಳಿ ನಾತ. ನಮ್ಮ ಕೇರಿಯ ಬಾಯಲ್ಲಿ ನಲ್ಲಿಕಂಬವೊಂದಿದೆ. ಪೈಪು ರುದ್ರಮೂರ್ತಿಯವರ ತೋಟದವರೆಗೆ ಬಂದು ಅಲ್ಲೇ ನಿಂತಿತು. ಕಂಬಕ್ಕೆ ಮೇಕೆ ಕಟ್ಟುತ್ತಾರೆ.

“ಇದ್ನ ಕೇರಿ ಹೆಂಗಸ್ರ ಮುಂದೆ ಓದ್ಬೇಡ ಕಣೇ. ಕೊಡ ತಂದು ನನ್ನ ತಲೆ ಮೇಲೇ ಕುಕ್ತಾರೆ.” ನಗು ನಿಂತಿತು. “ಎಲ್ಲಿ, ಇನ್ನೊಂದ್ಸಲ ಓದು.”

ಓದಿದೆ. ಸ್ವತಂತ್ರವಾಗಿ ಅಂದರೆ ಏನೆಂದು ಕೇಳಿದಳು. ಯಾರ ಹಂಗೂ ಇಲ್ಲದೆ ಎಂದೆ.

ಅವ್ವ ಒಲೆಗೆ ಸೌದೆ ನೂಕಿದಳು. “ನನ್ನೆಸ್ರು ತೆಗ್ದಾಕ್ಬಿಡು. ಸೈನ್ ಹಾಕುಸ್ಕೊ. ಅವ್ರನ್ನ ಎದುರಾಕ್ಕೊಂಡು ನಾವೆಲ್ಲೋಗಣ? ನಿಂದೊಂದು ದಡ ಸೇರ್ಲಿ.”

“ಫೋಟೋ ಐತಲ್ಲವ್ವ. ನೀನು ಕುರ್ಚಿ ಮೇಲೆ ಕೂತಿದೀಯ. ನೀಲಿ ರೇಷ್ಮೆ ಸೀರೆ.”

“ಅದು ನಂದಲ್ವಲ್ಲೇ. ಪಂಚಾಯ್ತಿ ಆಫೀಸಿನ ಬೀರುವಲ್ಲಿ ಇಟ್ಟಿರೋರು, ಅಧ್ಯಕ್ಷೆ ಸೀರೆ ಅಂತ. ಫೋಟೋ ಬೇಕಾದಾಗ ತಂದು, ಹಳೆ ಸೀರೆ ಮೇಲೇ ಸುತ್ಕೋ ಅನ್ನೋರು. ಆದ್ಮೇಲೆ ಬಿಚ್ಕೊಡು ಅನ್ನೋರು. ಒಂದ್ಸಲ ಸೆರಗಿಗೆ ಮಣ್ಣಾಯ್ತು ಅಂತ ರುದ್ರಮೂರ್ತಪ್ಪಾರು ‘ಮುಂಡೇ, ನಿಮ್ಮಪ್ಪ ತಂದಿದ್ನಾ’ ಅಂತ ಬಯ್ದಿದ್ರು.”

“ಆಫೀಸಿಗೆ ಹೋಗಿದ್ಯಲ್ಲ, ಆಗಾದ್ರೂ ಸಭೆ...”

“ಆಫೀಸಿಗ್ಯಾಕೆ? ಕಣದಲ್ಲೇ. ನಾನು ಎದ್ದೋದ್ರೆ ಅವ್ರ ಈರುಳ್ಳಿ ಕೊಯ್ಯೋರ್ಯಾರು? ಸೀರೆ, ಕುರ್ಚಿ, ಮೇಜು, ಬ್ಯಾನರು, ಎಲ್ಲಾ ಅಲ್ಲಿಗೇ ಹೊತ್ಕೊಂಡ್ ಬರೋರು. ಮಣ್ಣಾಗಿರೋ ಕೈ ಮಾತ್ರ ಮೇಜಿನ ಕೆಳಗಿಟ್ಕೋ ಅನ್ನೋರು.”

*

ಅಜ್ಜಂಪುರದಲ್ಲಿ ರಾಹಿಲ್‌ನ ಅಂಗಡಿಯಲ್ಲಿ ಕೂತರೆ ಯಾರೂ ಊರಾಚೆಗಾ ಎಂದು ಕೇಳುವುದಿಲ್ಲ. ಝೆರಾಕ್ಸು, ಆಧಾರ್, ಪಹಣಿ, ರೈಲು ಟಿಕೆಟ್ಟು. ವೆಬ್‌ಸೈಟ್ ತೆರೆದು ಫೋಟೋ ದೊಡ್ಡದು ಮಾಡಿದೆ. ನೀಲಿ ಸೀರೆ. ಹಿಂದೆ ‘ಗ್ರಾಮಸಭೆ’ ಎಂಬ ಬ್ಯಾನರ್. ಕೈಯಿಲ್ಲದ ಅವ್ವ. ಕೆಳಗಡೆ ಇರುವೆ ಸಾಲಿನಂಥ ಅಕ್ಷರ, ಅಂಕಿ.

“ರಾಹಿಲ್, ಇದೇನು?”

“ಅದಾ ಅಕ್ಕ? ಫೋನಿನ ಆ್ಯಪ್ ತಾನೇ ಹಾಕೋದು. ಎಲ್ಲಿ ತೆಗ್ದಿದ್ದು ಅಂತ. ಅದಿಲ್ದೆ ಫೋಟೋ ಅಪ್‌ಲೋಡೇ ಆಗಲ್ಲ. ತಡೀರಿ.”

ಅವನು ಅಂಕಿಗಳನ್ನು ಮ್ಯಾಪಿನಲ್ಲಿ ಹಾಕಿದ. ಆಕಾಶದಿಂದ ನಮ್ಮೂರು ಕಾಣಿಸಿತು. ಕೆರೆ. ಏರಿ. ಬಸ್‌ಸ್ಟಾಪಿನ ಪಕ್ಕ ಪಂಚಾಯಿತಿ ಕಟ್ಟಡದ ಬಿಳಿ ತಾರಸಿ. ಕೆಂಪು ಗುರುತು ಅಲ್ಲಿ ಬೀಳಲಿಲ್ಲ. ಏರಿ ದಾಟಿ, ಹುಣಸೆಮರ ದಾಟಿ, ದುಂಡಗಿನ ಕಣದ ನಡುವೆ ಬಿತ್ತು. ಇನ್ನೊಂದು ವರ್ಷದ ಫೋಟೋ ತೆಗೆದೆವು. ಅಲ್ಲೇ. ಮತ್ತೊಂದು. ಅಲ್ಲೇ.

“ಯಾರ ಕಣ ಅಕ್ಕ ಇದು?”

“ರುದ್ರಮೂರ್ತಿಯವರದ್ದು. ಆಗ ಉಪಾಧ್ಯಕ್ಷರು.”

ರಾಹಿಲ್ ಶಿಳ್ಳೆ ಹೊಡೆಯಲು ಹೋಗಿ ಸುಮ್ಮನಾದ. “ಅರೆ, ಅವ್ರ ಕೈಯಿಂದ್ಲೇ ಅವ್ರೇ ಬರ್ದು ಕೊಟ್ಟಂಗಾಯ್ತಲ್ಲಕ್ಕ.”

ಅಧ್ಯಾಯದಿಂದ ಅವ್ವನನ್ನು ತೆಗೆದೆ. ಅವಳು ಹೇಳಿದ ಒಂದು ಮಾತನ್ನೂ ಉಳಿಸಲಿಲ್ಲ. ಸರ್ಕಾರಿ ವೆಬ್‌ಸೈಟಿನ ವಿಳಾಸ, ಫೋಟೋ, ಅಂಕಿ, ಮ್ಯಾಪು ಹಾಕಿದೆ. ತಾಳೆ ನೋಡಿದೆ. ನಿಯಮದ ಪ್ರಕಾರ ಎಲ್ಲ ಸರಿಯಿತ್ತು. ಅಲ್ಲಿಂದಲೇ ಸರ್‌ಗೆ ಮೇಲ್ ಮಾಡಿದೆ.

*

ಉತ್ತರ ಬರಲಿಲ್ಲ. ಸೋಮವಾರ ಬೆಳಿಗ್ಗೆ ಸರ್ ಕಾರೇ ನಮ್ಮೂರಿಗೆ ಬಂತು. ಕಣಕ್ಕೆ ಬರಬೇಕಂತೆ ಎಂದು ಕರೆ ಬಂದಾಗ ಅವ್ವ ಆಗಲೇ ಅಲ್ಲಿದ್ದಳು, ಗೋಣಿತಾಟಿನ ಮೇಲೆ ಕೂತು ಈರುಳ್ಳಿಯ ಒಣ ಎಲೆ ಕೊಯ್ಯುತ್ತ.

ಹುಣಸೆಮರದ ನೆರಳಿಗೆ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದರಲ್ಲಿ ರುದ್ರಮೂರ್ತಿ, ಒಂದರಲ್ಲಿ ಮೃತ್ಯುಂಜಯ ಸರ್. ವಿಮಲಮ್ಮ ಹೇಳಿದ ನೆಂಟರು ಯಾರೆಂದು ಆಗ ಹೊಳೆಯಿತು. ಮೂರನೆಯದರ ಮೇಲೆ ಮಡಿಸಿದ ನೀಲಿ ಸೀರೆ.

“ಲೇ ಓಬೀ, ಇದಕ್ಕೇನೇ ನಿನ್ನ ಮಗಳನ್ನ ಓದ್ಸಿದ್ದು?” ರುದ್ರಮೂರ್ತಿ ನನ್ನ ಕಡೆ ತಿರುಗಲೂ ಇಲ್ಲ. “ನನ್ನ ಕಣದಲ್ಲಿ ಉಂಡು ಬೆಳ್ದು, ನನ್ನ ಕಣನೇ ಮ್ಯಾಪಲ್ಲಿ ತೋರುಸ್ತಾಳಲ್ಲ ಬೋಳಿಮಗಳು. ಡೆಲ್ಲಿವರ್ಗೂ ಕಾಣುಸ್ತದಂತೆ!”

“ಇರಿ ರುದ್ರಮೂರ್ತಿ.” ಸರ್ ದನಿ ತರಗತಿಯಲ್ಲಿದ್ದಂತೆಯೇ ಇತ್ತು. “ಯಶೋಧರಾ, ಇದು ಅಪ್‌ಲೋಡ್ ಮಾಡೋವಾಗ ಆದ ಸಣ್ಣ ತಪ್ಪು. ತಿದ್ದಬಹುದು. ಈಗ ನಿಮ್ಮವ್ವ ಸೀರೆ ಉಟ್ಕೊಂಡು ಪಂಚಾಯ್ತಿ ಆಫೀಸಿಗೆ ಬರ್ತಾಳೆ. ಹೊಸ ಫೋಟೋ ತೆಗೆದು ಹಳೇದರ ಜಾಗಕ್ಕೆ ಹಾಕ್ತಾರೆ. ತಾರೀಖು ಅವರು ನೋಡ್ಕೋತಾರೆ. ನಾಳೆಯಿಂದ ಯಾರು ವೆಬ್‌ಸೈಟ್ ತೆಗೆದರೂ ನಿನ್ನ ಅಧ್ಯಾಯವೇ ಸುಳ್ಳು.”

ಬ್ಯಾಗಿನಿಂದ ನನ್ನ ಪ್ರಬಂಧ ತೆಗೆದು, ಸಹಿಯ ಪುಟ ಬಿಡಿಸಿ, ಮೊಣಕಾಲ ಮೇಲಿಟ್ಟುಕೊಂಡರು. ಜೇಬಿನಿಂದ ಒಂದು ಚೀಟಿ ನನ್ನ ಕೈಗಿತ್ತರು.

“ಲೈಬ್ರರಿ ಪಾಸ್‌ವರ್ಡು. ಇಟ್ಕೋ. ಪಿಎಚ್‌ಡಿಗೂ ನಾನೇ ಗೈಡ್ ಆಗ್ತೀನಿ. ಈಗ ಕಳ್ಸಿರೋ ಅಧ್ಯಾಯ ತೆಗಿ, ಅಷ್ಟೇ.”

ಎರಡು ವರ್ಷ ಬೇಡಿದ್ದು. ಚೀಟಿ ಬಿಡಿಸಿ ಓದಿಬಿಟ್ಟೆ. ಅವರ ಮಗನ ಹೆಸರು, ಅದರ ಮುಂದೆ ಒಂದು ಎರಡು ಮೂರು.

“ಏಳೇ,” ಎಂದರು ರುದ್ರಮೂರ್ತಿ. “ಈ ಸಲ ಸೀರೆ ಬಿಚ್ಕೊಡೋದೂ ಬೇಡ, ನೀನೇ ಮಡಿಕ್ಕೋ. ಇಲ್ಲ ಅಂದ್ಯೋ, ನಾಳೆಯಿಂದ ನಿನ್ನ ಕೇರಿ ಒಂದು ನರಪಿಳ್ಳೇನೂ ಈ ಕಣ ಮೆಟ್ಟಂಗಿಲ್ಲ.”

ಅವ್ವ ಕುಡುಗೋಲು ಕೆಳಗಿಟ್ಟು ಎದ್ದಳು. ಕುರ್ಚಿಯ ಹತ್ತಿರ ಹೋದಳು. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅವಳ ಬೆರಳಿನಿಂದ ಈರುಳ್ಳಿ ಸಿಪ್ಪೆಯೊಂದು ಜರಿಗೆ ಅಂಟಿತು.

“ಸ್ವಾಮೀ,” ಎಂದಳು ಸರ್ ಕಡೆ ನೋಡಿ. “ನಾನು ಕೇರಿಗೆ ನಲ್ಲಿ ತಂದೆ ಅಂತ ಬರ್ದೋರು ನೀವೇನಾ?”

“ಹೌದಮ್ಮ. ನಿನ್ನ ಬಗ್ಗೆ ಒಳ್ಳೇದೇ ಬರ್ದಿದೀನಿ.”

“ಯಾವಾಗ ಬಂದಿದ್ರಿ ನಮ್ಮ ಕೇರಿಗೆ?”

ಸರ್ ಕನ್ನಡಕ ತೆಗೆದು ಒರೆಸಿದರು. “ಬರೋ ಅಗತ್ಯ ಇರ್ಲಿಲ್ಲ. ಈಗೆಲ್ಲಾ ಆನ್‌ಲೈನಲ್ಲೇ ಸಿಗುತ್ತೆ.”

“ಏಯ್, ಇಂಟ್ರೂ ಮಾಡಕ್ಕೆ ನಿಂತ್ಯೇನೇ?” ರುದ್ರಮೂರ್ತಿ ಕುರ್ಚಿಯಿಂದ ಅರ್ಧ ಎದ್ದರು. “ಹೊತ್ತಾಯ್ತು. ಸುತ್ಕೊಳ್ಳೇ ಅದನ್ನ.”

ಅವ್ವ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ‘ಆಯ್ತು ಬುದ್ಧಿ.’ ಈ ಕಣದಲ್ಲಿ ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು ಅದೊಂದೇ ಮಾತು. ಚೀಟಿ ನನ್ನ ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾಗುತ್ತಿತ್ತು.

ಅವ್ವ ಸೀರೆಯ ಅಂಚು ಬಿಟ್ಟಳು.

“ಉಡಲ್ಲ.”